ಎಲೆಕ್ಟ್ರಿಕ್ ಕಾರಿನ ಹಿಂದೆ ಟ್ರೇಲರ್: ಎಳೆಯುವುದಕ್ಕೆ ಸೈ, ಚಾರ್ಜಿಂಗ್‌ಗೆ ಪೇಚಾಟ

ಎಲೆಕ್ಟ್ರಿಕ್ ಕಾರಿಗೆ ಟ್ರೇಲರ್ ಎಳೆಯುವ ತಾಕತ್ತು ಇದೆಯಾ ಅಂತ ಕೇಳುವವರೇ ಜಾಸ್ತಿ. ತಾಕತ್ತಿನ ಚಿಂತೆ ಬೇಡವೇ ಬೇಡ. ನನ್ನದು 77 ಕಿಲೋವ್ಯಾಟ್-ಅವರ್ ಬ್ಯಾಟರಿಯ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು. ಬ್ರೇಕ್ ಇರುವ ಟ್ರೇಲರ್ ಆದರೆ 1600 ಕೆಜಿ, ಬ್ರೇಕ್ ಇಲ್ಲದ್ದಾದರೆ 750 ಕೆಜಿ ಎಳೆಯಬಹುದು. ಕೆಲವು ವರ್ಷಗಳಿಂದ ಇದಕ್ಕೆ ಎರಡು ಥರದ ಟ್ರೇಲರ್ ಕಟ್ಟಿ ಓಡಿಸುತ್ತಿದ್ದೇನೆ. ಒಂದು ತಗ್ಗಾದ, ಮೇಲೆ ತೆರೆದ ಟ್ರೇಲರ್. ಇನ್ನೊಂದು ಕಾರಿಗಿಂತ ಎತ್ತರದ, ಎಲ್ಲ ಕಡೆ ಮುಚ್ಚಿದ ಬಾಕ್ಸ್ ಟ್ರೇಲರ್.

ಮೊದಲು ಇಷ್ಟವಾದದ್ದನ್ನು ಹೇಳಿಬಿಡುತ್ತೇನೆ. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಈ ಕಾರಿನಷ್ಟು ಆರಾಮ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಕ್ಲಚ್ ಸುಟ್ಟ ವಾಸನೆ ಇಲ್ಲ, ಗೇರ್ ಹುಡುಕಾಟ ಇಲ್ಲ. ಟ್ರೇಲರನ್ನು ರಿವರ್ಸ್ ತೆಗೆದುಕೊಳ್ಳುವಾಗ ಇರುವೆ ಹರಿದಷ್ಟು ನಿಧಾನ ಬೇಕಾಗುತ್ತದೆ, ಅದೂ ಸಲೀಸು. ಬ್ಯಾಟರಿಯ ತೂಕವೆಲ್ಲ ಕಾರಿನ ತಳದಲ್ಲೇ ಇರುವುದರಿಂದ, ಪಕ್ಕದಲ್ಲಿ ದೊಡ್ಡ ಲಾರಿ ದಾಟಿಹೋದರೂ ಕಾರು ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ. ಒಂಟಿ ಕಾರು ಹೆದ್ದಾರಿಯಲ್ಲಿ 100 ಕಿಲೋಮೀಟರಿಗೆ ಸುಮಾರು 19 ಯೂನಿಟ್ (ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಅವರ್) ಕುಡಿಯುತ್ತದೆ. ತಗ್ಗು ಟ್ರೇಲರ್ ಕಟ್ಟಿದರೆ 23–24. ಬಾಕ್ಸ್ ಟ್ರೇಲರ್ ಕಟ್ಟಿದರೆ 34ರ ಆಸುಪಾಸು, ಎದುರುಗಾಳಿ ಇದ್ದರೆ ಇನ್ನೂ ಮೇಲೆ. ಎರಡರಲ್ಲೂ ತುಂಬಿದ ತೂಕ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಗಾಳಿಯಿಂದ. ಸಮತಟ್ಟಾದ ರಸ್ತೆಯಲ್ಲಿ ಒಂದು ಟನ್ನಿನ ಟ್ರೇಲರಿನ ಚಕ್ರಗಳನ್ನು ಉರುಳಿಸಲು 100 ಕಿಲೋಮೀಟರಿಗೆ ಮೂರ್ನಾಲ್ಕು ಯೂನಿಟ್ ಸಾಕು. ಆದರೆ ಕಾರಿನ ಚಾವಣಿಗಿಂತ ಮೇಲೆ ಎದ್ದು ನಿಂತ ಆ ಚಪ್ಪಟೆ ಮುಖ ಗಾಳಿಯನ್ನು ಸೀಳುವುದಿಲ್ಲ, ಎದೆಕೊಟ್ಟು ತಳ್ಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 100ರಲ್ಲಿ ಹೋಗುವುದನ್ನು 80ಕ್ಕೆ ಇಳಿಸಿದರೆ ಆ ತಡೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. ಸಾಮಾನು ಕಮ್ಮಿ ಮಾಡಿ ರೇಂಜ್ ಉಳಿಸಲು ಹೊರಡುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಕಾಲನ್ನು ಸ್ವಲ್ಪ ಎತ್ತಿ. ಟ್ರೇಲರ್ ಕೊಳ್ಳುವುದಿದ್ದರೆ ತಗ್ಗಾದದ್ದನ್ನೇ ನೋಡಿ.

ಪೆಟ್ರೋಲ್ ಕಾರಿಗೆ ಗಾಳಿ ಬೇರೆಯಾ? ಅಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಅಂದರೆ ನನ್ನ ಇಡೀ ಬ್ಯಾಟರಿ ಎಂಟೂವರೆ ಲೀಟರ್ ಪೆಟ್ರೋಲಿಗೆ ಸಮ! ಎಂಜಿನ್ ಬಹುಪಾಲನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ, ಮೋಟರ್ ಬಿಡುವುದಿಲ್ಲ. ಅದಕ್ಕೇ ಇಷ್ಟು ಚಿಕ್ಕ ದಾಸ್ತಾನಿನಲ್ಲೂ ಒಂಟಿ ಕಾರು ಅಷ್ಟು ದೂರ ಓಡುತ್ತದೆ. ಟ್ರೇಲರ್ ಕಟ್ಟಿದಾಗ ಮಾತ್ರ ದಾಸ್ತಾನು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ದೂರದ ದಾರಿಯಲ್ಲಿ ಫಾಸ್ಟ್ ಚಾರ್ಜರಿನಲ್ಲಿ 80 ಪರ್ಸೆಂಟ್ ದಾಟಿಸುವುದು ಟೈಮ್ ವೇಸ್ಟ್, ಆಮೇಲೆ ಚಾರ್ಜ್ ಏರುವುದು ನಿಧಾನ. 10ಕ್ಕಿಂತ ಕೆಳಗೆ ಇಳಿಸಲು ಧೈರ್ಯ ಬರುವುದಿಲ್ಲ. ನಡುವಿನ 70 ಪರ್ಸೆಂಟಿನಲ್ಲಿ ಬಾಕ್ಸ್ ಟ್ರೇಲರ್ ಜೊತೆ 150–160 ಕಿಲೋಮೀಟರ್ ಸಿಗುತ್ತದೆ. ಹೆಚ್ಚುಕಮ್ಮಿ ಎರಡು ಗಂಟೆಯ ಓಟ. ಇದನ್ನು ನಾನು ಬೇಸರವಿಲ್ಲದೆ ಒಪ್ಪಿಕೊಂಡಿದ್ದೇನೆ, ಅಷ್ಟು ಹೊತ್ತಿಗೆ ಚಾಲಕನಿಗೂ ವಿರಾಮ ಬೇಕೇ ಬೇಕು.

ಒಪ್ಪಿಕೊಳ್ಳಲಾಗದ್ದು ಚಾರ್ಜಿಂಗ್ ಸ್ಟೇಷನ್‌ಗಳ ವಿನ್ಯಾಸ. ಬಹುಪಾಲು ಕಡೆ ಕಾರು ನುಗ್ಗಿಸಿ ನಿಲ್ಲಿಸಬೇಕು, ಮುಂದೆ ಕಂಬ, ಹಿಂದೆ ಓಡಾಟದ ದಾರಿ. ಟ್ರೇಲರ್ ಸಮೇತ ನಿಂತರೆ ಬಾಲ ದಾರಿಗೆ ಅಡ್ಡ. ಅಡ್ಡಡ್ಡ ನಿಂತರೆ ನಾಲ್ಕು ಜನರ ಜಾಗ ನುಂಗಿದ ಹಾಗೆ, ಅದು ನನ್ನಿಂದಾಗದು. ಉಳಿದದ್ದು ಒಂದೇ ದಾರಿ, ಬಿಚ್ಚುವುದು. ಪಕ್ಕದಲ್ಲೆಲ್ಲೋ ಜಾಗ ಹುಡುಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಮುಂದಿನ ಪುಟ್ಟ ಚಕ್ರ ಇಳಿಸಿ, ಟ್ರೇಲರಿನ ಲೈಟಿಗೆ ಕರೆಂಟ್ ಕೊಡುವ 13 ಪಿನ್ನಿನ ಪ್ಲಗ್ ಕಿತ್ತು, ಸುರಕ್ಷತೆಯ ವೈರು ಬಿಡಿಸಿ, ಟ್ರೇಲರನ್ನು ಕಾರಿಗೆ ಜೋಡಿಸುವ ಕಪ್ಲಿಂಗಿನ ಹಿಡಿ ಎತ್ತಬೇಕು. ಬಿಟ್ಟುಹೋಗುವ ಟ್ರೇಲರಿಗೆ ಬೀಗ ಬೇರೆ. ಚಾರ್ಜ್ ಆದ ಮೇಲೆ ಇದೆಲ್ಲ ಉಲ್ಟಾ ಕ್ರಮದಲ್ಲಿ, ಲೈಟ್ ಉರಿಯುತ್ತಿದೆಯಾ ಅಂತ ಹಿಂದೆ ಹೋಗಿ ನೋಡುವುದೂ ಸೇರಿ. ಮಳೆಯಲ್ಲಿ ಕಾರಿನ ಕೊಂಡಿಯ ಗ್ರೀಸ್ ಹತ್ತಿದ ಗುಂಡಿನ (ಬಾಲ್) ಮೇಲೆ ಕಪ್ಲಿಂಗ್ ಸರಿಯಾಗಿ ಕೂರಿಸುವಾಗ ಕೈ, ಬಟ್ಟೆ ಎಲ್ಲ ಹೊಲಸು. ಚಾರ್ಜಿಂಗ್ 20–25 ನಿಮಿಷದಲ್ಲಿ ಮುಗಿದರೂ ಒಟ್ಟು ಮುಕ್ಕಾಲು ಗಂಟೆ ಹೋಗುತ್ತದೆ.

ಪೆಟ್ರೋಲ್ ಬಂಕಿನ ಹಾಗೆ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ ಹೋಗುವ ಚಾರ್ಜರ್ ಇದ್ದರೆ ಈ ತೊಂದರೆಯೇ ಇಲ್ಲ. ಪ್ರತಿ ಸ್ಟೇಷನ್ನಿನಲ್ಲಿ ಅಂಥದ್ದು ಒಂದಾದರೂ ಇರಲೇಬೇಕು. ಗಾಲಿಕುರ್ಚಿ ಬಳಸುವವರಿಗೂ ಅಗಲದ ಜಾಗ ಉಪಕಾರವಲ್ವಾ? ಅಲ್ಲಿವರೆಗೆ ನಾನು ಹೊರಡುವ ಮುಂಚೆ ಮ್ಯಾಪಿನಲ್ಲಿ ಉಪಗ್ರಹದ ಚಿತ್ರ ತೆರೆದು, ಸ್ಟೇಷನ್ನಿಗೆ ಒಳದಾರಿ ಹೊರದಾರಿ ಎಲ್ಲಿವೆ ಅಂತ ನೋಡುತ್ತೇನೆ. ಚಾರ್ಜಿಂಗ್ ಪೋರ್ಟ್ ಕಾರಿನ ಯಾವ ಮೂಲೆಯಲ್ಲಿದೆ ಅನ್ನುವುದೂ ಮುಖ್ಯ. ಹಿಂದಿನ ಮೂಲೆಯಲ್ಲಿದ್ದರೆ, ಟ್ರೇಲರ್ ಕಟ್ಟಿಕೊಂಡು ಮೂತಿ ತೂರಿಸಿ ನಿಂತಾಗ ಚಿಕ್ಕ ಕೇಬಲ್ ಅಲ್ಲಿತನಕ ಎಟುಕುವುದಿಲ್ಲ.

ಡ್ಯಾಶ್‌ಬೋರ್ಡ್ ತೋರಿಸುವ ಕಿಲೋಮೀಟರನ್ನು ನಂಬಿ ಹೊರಡಬೇಡಿ. ಅದು ನಿನ್ನೆ ಒಂಟಿಯಾಗಿ ಓಡಿದ ಲೆಕ್ಕವನ್ನೇ ಇವತ್ತೂ ಹೇಳುತ್ತದೆ. ಟ್ರೇಲರ್ ಮೋಡ್ ಇದ್ದರೆ ಆನ್ ಮಾಡಿ, ಬ್ಯಾಟರಿ ಪರ್ಸೆಂಟ್ ಮತ್ತು ಸರಾಸರಿ ಖರ್ಚು ಎರಡನ್ನೇ ಗಮನಿಸಿ. ಎ ಬೆಟರ್ ರೂಟ್‌ಪ್ಲಾನರ್ ಆ್ಯಪಿನಲ್ಲಿ ನಮ್ಮದೇ ಖರ್ಚಿನ ಅಂಕಿ ಹಾಕಿ ದಾರಿ ಲೆಕ್ಕ ಹಾಕಬಹುದು, ನನಗೆ ಇದು ಚೆನ್ನಾಗಿ ಕೆಲಸ ಮಾಡಿದೆ.

ಇಳಿಜಾರಿನಲ್ಲಿ ಮೋಟರೇ ಬ್ರೇಕ್ ಹಾಕಿ ಶಕ್ತಿ ವಾಪಸ್ ತುಂಬುವುದು ದೊಡ್ಡ ಲಾಭ. ಆದರೆ ಬೆಟ್ಟದ ತುದಿಯಿಂದ ಹೊರಡುವುದಿದ್ದರೆ ಬ್ಯಾಟರಿ 100ಕ್ಕೆ ತುಂಬಿಸಬೇಡಿ. ತುಂಬಿದ ಬ್ಯಾಟರಿಗೆ ವಾಪಸ್ ತುಂಬಲು ಜಾಗ ಇರುವುದಿಲ್ಲ, ಟ್ರೇಲರಿನ ಭಾರವೆಲ್ಲ ಮಾಮೂಲಿ ಬ್ರೇಕಿನ ಮೇಲೆ ಬೀಳುತ್ತದೆ.

ಸಾಮಾನು ತುಂಬುವಾಗ ಭಾರದ್ದನ್ನು ಆಕ್ಸಲ್ ಮೇಲೆ, ಸ್ವಲ್ಪ ಮುಂದಕ್ಕೆ ಇಡಿ. ಟ್ರೇಲರಿನ ಮೂತಿ ಕಾರಿನ ಕೊಂಡಿಯ ಮೇಲೆ ಒತ್ತುವ ಭಾರ ತೀರಾ ಕಮ್ಮಿಯಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ನಾನು ದೇಹದ ತೂಕ ನೋಡುವ ಮಾಪಕದ ಮೇಲೆ ಗಟ್ಟಿ ಕೋಲು ನಿಲ್ಲಿಸಿ, ಕಪ್ಲಿಂಗನ್ನು ಅದರ ಮೇಲೆ ಇಳಿಸಿ ನೋಡುತ್ತೇನೆ. ಮೂತಿಯ ಈ ಭಾರಕ್ಕೆ ನನ್ನ ಕಾರಿನಲ್ಲಿ 100 ಕೆಜಿ ಮಿತಿ.

ಹೊಸದಾಗಿ ಕೊಳ್ಳುವವರು ಎಳೆಯುವ ಮಿತಿಯನ್ನು ಕಾರಿನ ದಾಖಲೆಯಲ್ಲೇ ಓದಿ. ಕಿಯಾ ಇವಿ9, ಬಿಎಂಡಬ್ಲ್ಯೂ ಐಎಕ್ಸ್ ಥರದ ದೊಡ್ಡ ಕಾರುಗಳ ಕೆಲವು ಮಾದರಿಗಳಿಗೆ 2500 ಕೆಜಿವರೆಗೆ ಅನುಮತಿ ಇದೆ. ಇನ್ನು ಕೆಲವು ಕಾರುಗಳಿಗೆ ಟ್ರೇಲರ್ ಎಳೆಯುವ ಅನುಮತಿಯೇ ಇಲ್ಲ, ಹಿಂದೆ ಕಾಣುವ ಕೊಂಡಿ ಸೈಕಲ್ ಸ್ಟ್ಯಾಂಡ್ ಹಾಕಲು ಮಾತ್ರ. ಒಂದೇ ಹೆಸರಿನ ಕಾರಿನಲ್ಲೂ ಚಿಕ್ಕ ಬ್ಯಾಟರಿಯದ್ದಕ್ಕೆ ಮಿತಿ ಅರ್ಧಕ್ಕಿಂತ ಕಮ್ಮಿ ಇರುವುದುಂಟು. ಹತ್ತಿರದ ಓಡಾಟಕ್ಕೆ ನಾನು ಈ ಜೋಡಿಗೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಬಾಕ್ಸ್ ಟ್ರೇಲರ್ ಕಟ್ಟಿ ದಿನವಿಡೀ ಹೋಗುವ ಪ್ರಯಾಣಕ್ಕೆ ಎರಡೂವರೆ. ಕಳೆದ ಆ ಅಂಕಗಳಲ್ಲಿ ಹೆಚ್ಚಿನವು ಕಾರಿನ ತಪ್ಪಿಗಲ್ಲ, ಸ್ಟೇಷನ್‌ಗಳ ತಪ್ಪಿಗೆ.