ಬೋಗಾದಿಯಲ್ಲಿ ಮೂರು ಕನೆಕ್ಷನ್, ಒಂದು ಕಂಬ

ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆಗಿದ್ದಾಗ ನಮ್ಮದು ಲ್ಯಾಂಡ್‌ಲೈನ್ ತಂತಿಯ ಬ್ರಾಡ್‌ಬ್ಯಾಂಡ್. ಟೆಲಿಫೋನ್ ಎಕ್ಸ್‌ಚೇಂಜ್ ನಡೆದು ಹೋಗುವಷ್ಟು ಹತ್ತಿರ, 16 ಎಂಬಿಪಿಎಸ್ ಆರಾಮಾಗಿ ಬರುತ್ತಿತ್ತು. ಬೋಗಾದಿ ಆಚೆ ಮನೆ ಕಟ್ಟಿಕೊಂಡು ಬಂದೆವು. ಅದೇ ಮೋಡೆಮ್, ಅದೇ ಪ್ಲಾನ್, ಸ್ಪೀಡ್ ಮಾತ್ರ 3. ಕಸ್ಟಮರ್ ಕೇರ್ ಜೊತೆ ಒಂದು ವಾರ ಜಗಳ ಆಡಿದೆ. ಕೊನೆಗೆ ಲೈನ್‌ಮನ್ ಬಂದು ಒಂದೇ ಮಾತಲ್ಲಿ ಮುಗಿಸಿದರು: "ಇಲ್ಲಿಗೆ ತಂತಿ ನಾಲ್ಕು ಕಿಲೋಮೀಟರ್ ಆಗುತ್ತೆ ಸಾರ್. ನಾನೇನ್ ಮಾಡ್ಲಿ?"

ಅವರು ಹೇಳಿದ್ದು ಸರಿ. ತಾಮ್ರದ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತದೆ. ಫೋನ್ ತಂತಿಯಲ್ಲೇ ನೆಟ್ ಕಳಿಸುವ ಎಡಿಎಸ್‌ಎಲ್2+ ತಂತ್ರಜ್ಞಾನದಲ್ಲಿ ಹೆಚ್ಚೆಂದರೆ 24 ಎಂಬಿಪಿಎಸ್, ಅದೂ ಎಕ್ಸ್‌ಚೇಂಜ್ ಪಕ್ಕದಲ್ಲೇ ಇದ್ದವರಿಗೆ. ತಂತಿ ನೆಟ್ಟಗೂ ಬರುವುದಿಲ್ಲ, ಕಂಬದಿಂದ ಕಂಬಕ್ಕೆ ಸುತ್ತಿ ಬರುತ್ತದೆ. ಜಾಯಿಂಟಿಗೆ ಮಳೆನೀರು ಇಳಿದರಂತೂ ಫೋನಲ್ಲಿ ಕರಕರ, ನೆಟ್ ಮಾಯ.

ಸರಿ, ಫೈಬರ್ ಹಾಕಿಸೋಣ ಅಂದುಕೊಂಡೆ. ಅದರಲ್ಲಿ ಹೋಗುವುದು ಬೆಳಕು, 20 ಕಿಲೋಮೀಟರ್ ಆದರೂ ತೊಂದರೆಯಿಲ್ಲ. ಹಾಗಾಗಿ ಎಕ್ಸ್‌ಚೇಂಜ್ ಎಲ್ಲಿದೆ ಎಂದು ಕೇಳುವ ಅಗತ್ಯವೇ ಇಲ್ಲ ಅಂತ ನಂಬಿದ್ದೆ. ಅಲ್ಲೇ ಎಡವಿದ್ದು. ದೊಡ್ಡ ಕಂಪನಿಯೊಂದರ ಆ್ಯಪ್‌ನಲ್ಲಿ ಪಿನ್‌ಕೋಡ್ ಹಾಕಿದರೆ ಹಸಿರು ಟಿಕ್ ಬಂತು. ದುಡ್ಡು ಕಟ್ಟಿದೆ. ಬಂದ ಹುಡುಗ ನಮ್ಮ ಬೀದಿಯ ಕಂಬ ಹತ್ತಿ, ಕಪ್ಪು ಡಬ್ಬಿಯ ಮುಚ್ಚಳ ತೆಗೆದು ನೋಡಿ ಇಳಿದ. "ಎಂಟೂ ಪೋರ್ಟ್ ಫುಲ್ ಸಾರ್." ಒಂದು ಫೈಬರ್ ಎಳೆಯನ್ನು ಇಂಥ ಹಲವು ಡಬ್ಬಿಗಳ ಮೂಲಕ 32 ಅಥವಾ 64 ಮನೆಗೆ ಹಂಚುತ್ತಾರೆ, ಕಂಬದ ಡಬ್ಬಿಯಲ್ಲಿ ಜಾಗವಿಲ್ಲದಿದ್ದರೆ ಪಿನ್‌ಕೋಡ್ ಏನು ಮಾಡೀತು? ಮೂರು ವಾರ ಕಾದು ದುಡ್ಡು ವಾಪಸ್ ತಗೊಂಡೆ.

ಕಾಯುವಾಗ ಟೆರೇಸ್ ಮೇಲೆ ಡಬ್ಬಿ ಕೂರಿಸುವ 5ಜಿ ಕನೆಕ್ಷನ್ ತಗೊಂಡಿದ್ದೆ. ತಂತಿಯ ರಗಳೆಯಿಲ್ಲ, ಮಧ್ಯಾಹ್ನ 90 ಬರುತ್ತಿತ್ತು. ರಾತ್ರಿ ಎಂಟಾದರೆ 12. ಒಂದೇ ಟವರನ್ನು ಇಡೀ ಬಡಾವಣೆ ಹಂಚಿಕೊಳ್ಳಬೇಕಲ್ಲ. ಟವರ್ ಕಡೆಗೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಬೇರೆ ಅಡ್ಡ. ಬಾಡಿಗೆ ಮನೆಯವರಿಗೆ ಇದು ಪರವಾಗಿಲ್ಲ.

ಈಗ ಇರುವುದು ನಮ್ಮ ಏರಿಯಾದ ಕೇಬಲ್‌ನವರ ಫೈಬರ್. 100 ಅಂದರೆ 95 ಬರುತ್ತದೆ. ದರದಲ್ಲಿ ಎಲ್ಲರೂ ಹೆಚ್ಚುಕಮ್ಮಿ ಒಂದೇ. 399 ಅಂತ ಬೋರ್ಡ್ ಹಾಕುತ್ತಾರೆ, 18% ಜಿಎಸ್‌ಟಿ ಸೇರಿದರೆ 471. ನನಗೆ ಇವರು ಹಿಡಿಸಿದ್ದು ಒಂದು ಭಾನುವಾರ. ಮೋಡೆಮ್‌ನಲ್ಲಿ ಎಲ್‌ಓಎಸ್ ಕೆಂಪು ದೀಪ ಮಿಣುಕುತ್ತಿತ್ತು, ಅಂದರೆ ಬೆಳಕು ಬರುತ್ತಿಲ್ಲ ಅಂತ. ಫೋನ್ ಮಾಡಿದ ಒಂದೂವರೆ ಗಂಟೆಗೆ ಹುಡುಗ ಬಂದ. ವೈರ್ ಬಿಚ್ಚಿ, ಬೆಳಕಿನ ಬಲ ಅಳೆಯುವ ಪವರ್ ಮೀಟರಿಗೆ ಸಿಕ್ಕಿಸಿದ: ಮೈನಸ್ 31 ಡಿಬಿಎಂ. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಮೋಡೆಮ್‌ಗೆ ಬೆಳಕು ಸಾಲದು. ಕಂಬದ ಡಬ್ಬಿ ತೆಗೆದರೆ ಒಳಗೆ ಇರುವೆ ಗೂಡು! ಅದನ್ನು ಊದಿ, ಸೊಟ್ಟಗಾಗಿದ್ದ ಎಳೆ ಕತ್ತರಿಸಿ ಹೊಸದಾಗಿ ಜಾಯಿಂಟ್ ಹಾಕಿದ. ಮೈನಸ್ 21. "ಈಗ ನೋಡಿ ಸಾರ್" ಅಂತ ಮೀಟರನ್ನು ನನ್ನ ಮುಖಕ್ಕೇ ಹಿಡಿದ. ಹಸಿರು ದೀಪ ಬಂದಾಗ ಅವನಿಗೇ ನನಗಿಂತ ಜಾಸ್ತಿ ಖುಷಿ.

ಹಾಗಾಗಿ ಹೊಸ ಮನೆಗೆ ಹೋಗುವವರು ಆ್ಯಪ್ ನೋಡುವ ಮೊದಲು ಬೀದಿಯ ಕಂಬ ನೋಡಿ. ಅಕ್ಕಪಕ್ಕದವರನ್ನು ಸ್ಪೀಡ್ ಎಷ್ಟು ಅಂತ ಕೇಳಬೇಡಿ, ಕೆಟ್ಟಾಗ ಎಷ್ಟು ಹೊತ್ತಿಗೆ ಬಂದರು ಅಂತ ಕೇಳಿ. ಆರು ತಿಂಗಳ ಅಡ್ವಾನ್ಸ್ ಆಮೇಲೆ ಕಟ್ಟಿದರಾಯ್ತು.

ಈ ಕೇಬಲ್‌ನವರ ಮೇಲೂ ನನಗೊಂದು ತಕರಾರು ಇದೆ. ಮನೆಯಲ್ಲಿ ಮೋಡೆಮ್‌ಗೆ ಅಂತ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇಟ್ಟಿದ್ದೇನೆ. ಆದರೆ ಕರೆಂಟ್ ಹೋಗಿ ಎರಡು ಗಂಟೆಯಾದರೆ ಅವರ ಆಫೀಸಿನ ಬ್ಯಾಟರಿಯೇ ಮಲಗುತ್ತದೆ. ಆಮೇಲೆ ಫೋನ್ ಹಾಟ್‌ಸ್ಪಾಟೇ ಗತಿ.