ಅಳತೆ ಕಪ್ಪು, ಮೊಬೈಲ್ ಪಟ್ಟಿ, ತಕ್ಕಡಿ: ಮೂರರಲ್ಲೂ ಅಳೆದು ನೋಡಿದೆ

ಒಂದೇ ಕೇಕನ್ನು ಮೂರು ವಾರ ಮೂರು ರೀತಿ ಅಳೆದು ಮಾಡಿದೆ. ರೆಸಿಪಿಯಲ್ಲಿ ಇದ್ದದ್ದೆಲ್ಲ ಕಪ್ ಲೆಕ್ಕ. ಮೈದಾನೇ 3 ಕಪ್.

ಮೊದಲ ವಾರ ಬರೀ ಕಪ್ಪು. ಡಬ್ಬಿಯೊಳಗೆ ಕಪ್ಪು ಅದ್ದಿ ಮೈದಾ ತೆಗೆದೆ, ಮೇಲೆ ಚಾಕುವಿನಿಂದ ಸವರಿದೆ. ಕೇಕ್ ಒಣಒಣ. ಕತ್ತರಿಸುವಾಗಲೇ ಪುಡಿ ಉದುರಿತು. ಓವನ್ ಬಿಸಿ ಜಾಸ್ತಿಯಾಗಿರಬೇಕು ಅಂದುಕೊಂಡೆ. ಆಮೇಲೆ ಅದೇ ಕಪ್ಪನ್ನು ತಕ್ಕಡಿ ಮೇಲಿಟ್ಟಾಗ ವಿಷಯ ಗೊತ್ತಾಯಿತು. ಅದ್ದಿ ತೆಗೆದರೆ 150 ಗ್ರಾಂ. ಚಮಚದಿಂದ ಹಗುರವಾಗಿ ಉದುರಿಸಿ ತುಂಬಿದರೆ 122. ಜರಡಿ ಹಿಡಿದು ತುಂಬಿದರೆ 108. ಹಾಗೆ ತುಂಬಿದ ಕಪ್ಪನ್ನು ಕಟ್ಟೆ ಮೇಲೆ ಎರಡು ಸಲ ಸುಮ್ನೆ ಕುಟ್ಟಿದೆ, ಹಿಟ್ಟು ಕಣ್ಣೆದುರೇ ಕುಸಿಯಿತು. ನಾವು ಹಿಟ್ಟಿನ ಜೊತೆ ಗಾಳಿಯನ್ನೂ ಅಳೆಯುತ್ತಿರುತ್ತೇವೆ. ಚಮಚದಿಂದ ತುಂಬಿದ್ದಕ್ಕಿಂತ 3 ಕಪ್ಪಿಗೆ 84 ಗ್ರಾಂ ಹೆಚ್ಚು ಬಿದ್ದಿತ್ತು. ಕೇಕ್ ಒಣಗದೆ ಇನ್ನೇನಾಗುತ್ತೆ?

ಎರಡನೇ ವಾರ ಮೊಬೈಲ್ ನೋಡಿ ಕಪ್ಪನ್ನು ಗ್ರಾಂಗೆ ಬದಲಾಯಿಸಿದೆ. ಒಂದು ಪಟ್ಟಿ ಮೈದಾಗೆ 120 ಅಂದಿತು, ಇನ್ನೊಂದು 140. ಎರಡೂ ಸುಳ್ಳಲ್ಲ, ತುಂಬಿದ ರೀತಿ ಬೇರೆ. ಕಪ್ಪಿನ ಗಾತ್ರವೂ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ್ದು ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250, ಜಪಾನಿನದು 200. ಟೇಬಲ್ ಚಮಚವೂ ಬಹಳ ಕಡೆ 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ ಮಾತ್ರ 20. ರೆಸಿಪಿ ಬರೆದವರು ಯಾವ ಊರಿನವರು ಅಂತ ಮೊದಲು ನೋಡಬೇಕು. ಪದಾರ್ಥ ಯಾವುದು ಅಂತ ಕೇಳದೆಯೇ ಉತ್ತರ ಕೊಡುವ ಪಟ್ಟಿಯನ್ನಂತೂ ನಂಬಲೇಬೇಡಿ. 1 ಮಿ.ಲೀ. ಅಂದರೆ 1 ಗ್ರಾಂ ಅನ್ನೋದು ನೀರಿಗೆ ಸರಿ. ಅಮೆರಿಕದ ಅದೇ ಒಂದು ಕಪ್ಪಿನಲ್ಲಿ ಎಣ್ಣೆ ಸುಮಾರು 218 ಗ್ರಾಂ ಹಿಡಿಯುತ್ತೆ, ಸಕ್ಕರೆ 200, ಜೇನುತುಪ್ಪ 340. ಆದರೂ ಹಾಲು, ಎಣ್ಣೆ, ಸಕ್ಕರೆ, ಬೆಣ್ಣೆಗೆ ಒಳ್ಳೆಯ ಪಟ್ಟಿ ಸಾಕು. ಇವು ಹಿಟ್ಟಿನ ಹಾಗೆ ಉಬ್ಬಿ ಕುಗ್ಗಿ ಆಟ ಆಡಿಸುವುದಿಲ್ಲ.

ಮೂರನೇ ವಾರ ಎಲ್ಲವನ್ನೂ ತಕ್ಕಡಿಯಲ್ಲೇ ತೂಗಿದೆ. ಮೈದಾ ಕಪ್ಪಿಗೆ 122ರ ಲೆಕ್ಕ ಹಿಡಿದೆ. ಪಾತ್ರೆ ಇಡು, ಸೊನ್ನೆ ಮಾಡು, ಸುರಿ, ಮತ್ತೆ ಸೊನ್ನೆ ಮಾಡು. ಜೇನುತುಪ್ಪ ನೇರ ಪಾತ್ರೆಗೇ ಬಿತ್ತು, ಕಪ್ಪಿನ ಗೋಡೆಗೆ ಅಂಟಿದ್ದನ್ನು ಬೆರಳಲ್ಲಿ ಬಳಿಯೋ ಕೆಲಸವೇ ಇಲ್ಲ. ಕೇಕ್ ಮೆತ್ತಗೆ ಬಂತು. ಮುಂದಿನ ಸಲವೂ ಹಾಗೇ ಬಂತು, ನನಗೆ ಮುಖ್ಯವಾದದ್ದು ಅದು.

ತಕ್ಕಡಿ ಸೋತದ್ದು ಒಂದೇ ಕಡೆ. ನನ್ನದು 1 ಗ್ರಾಂ ಲೆಕ್ಕದ್ದು. ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅಂಕಿ ಅಲ್ಲಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ 3 ತೋರಿಸುತ್ತೆ. ಹಾಗಾಗಿ ಸೋಡಾ, ಯೀಸ್ಟ್‌ಗೆ 5 ಮಿ.ಲೀ.ನ ಟೀ ಚಮಚವೇ ವಾಸಿ. ಉಪ್ಪಿನ ವಿಷಯದಲ್ಲಿ ಮಾತ್ರ ಹುಷಾರು. ಪುಡಿ ಉಪ್ಪು ಟೀ ಚಮಚಕ್ಕೆ ಸುಮಾರು 6 ಗ್ರಾಂ, ಪದರ ಪದರವಾದ ಉಪ್ಪು ಅದರ ಅರ್ಧದಷ್ಟೇ ತೂಗಬಹುದು.

ಈಗ ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ನನ್ನ ಕಪ್ಪಿನ ತೂಕ ಬರೆದು ಅಂಟಿಸಿದ್ದೇನೆ. ಮೂರು ಸಲ ತುಂಬಿ, ಮೂರು ಸಲ ತೂಗಿ, ಸರಾಸರಿ ತೆಗೆದದ್ದು. ಹಿಟ್ಟು ಬೇರೆ ತಂದ ದಿನ ಹಳೇ ಚೀಟಿ ಕಿತ್ತು ಮತ್ತೆ ತೂಗುತ್ತೇನೆ.