ಆಂಪ್ಲಿಫೈಯರೋ, ಸ್ಪೀಕರೋ, ಕೋಣೆಯೋ?

ಹೈ-ಫೈ ಸೆಟ್ ಸುಧಾರಿಸಲು ದುಡ್ಡು ಕೂಡಿಟ್ಟಿದ್ದೀರಿ. ಎಲ್ಲಿ ಹಾಕಿದರೆ ಕಿವಿಗೆ ಜಾಸ್ತಿ ಲಾಭ?

ಹೆಚ್ಚಿನವರ ಕಣ್ಣು ಮೊದಲು ಆಂಪ್ಲಿಫೈಯರ್ ಮೇಲೆ ಬೀಳುತ್ತದೆ. ಆದರೆ 50 ವಾಟ್‌ನಿಂದ 100 ವಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ) ಅಷ್ಟೇ. ಸದ್ದು ಎರಡು ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. 87 ಡೆಸಿಬೆಲ್ ಸೆನ್ಸಿಟಿವಿಟಿಯ (ಅಷ್ಟೇ ವಾಟ್‌ಗೆ ಎಷ್ಟು ಸದ್ದು ಕೊಡುತ್ತದೆ ಎಂಬ ಅಳತೆ) ಸ್ಪೀಕರ್ ಬದಲು 90ರದ್ದು ತಂದರೆ, ಹಳೆಯ ಆಂಪ್ಲಿಫೈಯರ್‌ನಲ್ಲೇ ಆ 3 ಡೆಸಿಬೆಲ್ ಬರುತ್ತದೆ. ಹಾಡುಗಾರರ ದನಿಯ ಬಣ್ಣವೂ ಬದಲಾಗುತ್ತದೆ. ಇವೆರಡರಲ್ಲಿ ನನ್ನ ಮತ ಸ್ಪೀಕರ್‌ಗೇ.

ಡ್ಯಾಕ್ (ಡಿಜಿಟಲ್ ಸಂಗೀತವನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ ಸಾಧನ), ಕೇಬಲ್ ಸದ್ಯಕ್ಕೆ ಬಿಡಿ. ಈಗಿನ ಸಾಧಾರಣ ಡ್ಯಾಕ್ ಕೂಡ ಸಿ.ಡಿ.ಯ ಸಂಗೀತವನ್ನು ಚೆನ್ನಾಗಿ ನುಡಿಸುತ್ತದೆ.

ಆದರೆ ಕೋಣೆ ಸ್ಪೀಕರ್‌ಗಿಂತಲೂ ಮುಖ್ಯ. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಗಟ್ಟಿ ಗೋಡೆ, ಕಾಂಕ್ರೀಟ್ ತಾರಸಿ ಇರುತ್ತವಲ್ವಾ? ಸದ್ದು ಅವುಗಳಿಗೆ ಬಡಿದು ವಾಪಸ್ ಬರುತ್ತದೆ. 10 ಅಡಿ ಅಗಲದ ಕೋಣೆಯಲ್ಲಿ ಸುಮಾರು 56 ಹರ್ಟ್ಜ್ ಬಳಿ ಬೇಸ್ (ತಗ್ಗಿನ ಸ್ವರ) ಗೋಡೆಯ ಹತ್ತಿರ ಗುಂಯ್ ಅನ್ನುತ್ತದೆ, ನಡುವೆ ಬಹುತೇಕ ಮಾಯವಾಗುತ್ತದೆ. ದುಬಾರಿ ಸ್ಪೀಕರ್ ತಂದರೂ ಇದು ಹೋಗುವುದಿಲ್ಲ. ಜಮಖಾನ, ಪರದೆಗಳು ಮೇಲಿನ ಸ್ವರಗಳ ಗದ್ದಲ ತಗ್ಗಿಸುತ್ತವೆ, ಬೇಸ್‌ಗೆ ಸಾಲುವುದಿಲ್ಲ. ಅದಕ್ಕೆ ಮೂಲೆಗಳಲ್ಲಿ ದಪ್ಪ ರಾಕ್‌ವೂಲ್ (ಸದ್ದು ಹೀರುವ ಕಲ್ಲಿನ ನಾರು) ಪ್ಯಾನೆಲ್‌ಗಳೇ ಬೇಕು. ಮೊಟ್ಟೆ ಟ್ರೇ ಅಂಟಿಸುವುದು ಸುಮ್ನೆ ಶ್ರಮ.

ಏನನ್ನೂ ಕೊಳ್ಳುವ ಮೊದಲು ಸ್ಪೀಕರ್‌ಗಳನ್ನು ಗೋಡೆಯಿಂದ ಎರಡಡಿ ಮುಂದೆ ಎಳೆದು, ನಿಮ್ಮ ಕುರ್ಚಿಯನ್ನೂ ಹಿಂದೆ ಮುಂದೆ ಸರಿಸಿ ಕೇಳಿ. ಅದಕ್ಕೆ ಖರ್ಚಿಲ್ಲ.